ದೊಡ್ಡಮ್ಮ ಕೇಳಿದ ಪ್ರಶ್ನೆ

ಬ್ಲಾಗಿನ ಕಡೆ ತಲೆ ಹಾಕಿ ನಾಲ್ಕು ತಿಂಗಳ ಮೇಲಾಯ್ತು. "ಏನ್ ಸಾರ್, ಬರೆಯೋದು ಬಿಟ್ಟೇಬಿಟ್ರಾ?" ಅಂತ ಒಂದಿಬ್ಬರು ಮೇಲ್ ಕೂಡ ಹಾಕಿದ್ದರು. ಬಿಟ್ಟಿಲ್ಲ ಮಾರಾಯ್ರೇ. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಆಸ್ಪತ್ರೆ ಓಡಾಟ, ಎರಡೂ ಒಟ್ಟಿಗೇ ಬಂದವು. ಈ ನಡುವೆ ರಾತ್ರಿ ಹೊತ್ತು ಕೂತು ಒಂದೇ ಒಂದು ಜಾತಿಯ ಜೀವಕೋಶದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದರ ಹೆಸರು ಮ್ಯಾಕ್ರೋಫೇಜ್. ಇವತ್ತು ಅದರ ಬಗ್ಗೆಯೇ ಬರೆಯೋಣ ಅಂತ. ಬಯಾಲಜಿ ಅಂದ ತಕ್ಷಣ ಓಡಿ ಹೋಗಬೇಡಿ, ನಾನೂ ಪಿಯುಸಿ ಆದಮೇಲೆ ಆ ಪುಸ್ತಕ ಮುಟ್ಟಿದವನಲ್ಲ :-) ಡಾಕ್ಟರಂತೂ ಅಲ್ಲವೇ ಅಲ್ಲ. ಮನೆಯವರಿಗೆ ಅರ್ಥ ಮಾಡಿಸಬೇಕು ಅಂತ ಓದಿದ್ದು, ಅಷ್ಟೇ.

ಮೊದಲು ಊರಿನ ಪರಿಚಯ ಆಗಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ತುಮಕೂರು ಜಿಲ್ಲೆಗೇ ಸೇರಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಬೇರೆಯೇ ಜಿಲ್ಲೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಪೇಪರಿನಲ್ಲಿ ತುಮಕೂರು ಒಂದು ಸಾಲು, ಮಧುಗಿರಿ ಇನ್ನೊಂದು ಸಾಲು. ನಮ್ಮ ನೆಂಟರೆಲ್ಲ ಈ ನಾಲ್ಕು ತಾಲ್ಲೂಕಿನಲ್ಲೇ ಹಂಚಿಹೋಗಿದ್ದಾರೆ. ನಮ್ಮ ಮನೆ ಮಧುಗಿರಿಯಲ್ಲಿ, ಏಕಶಿಲಾ ಬೆಟ್ಟ ಕಾಣುವ ಕಡೆ. ಅಕ್ಕನ್ನ ಕೊಟ್ಟಿರೋದು ಕೊರಟಗೆರೆಗೆ. ಸೋದರಮಾವನ ಅಡಿಕೆ ತೋಟ ಶಿರಾ ತಾಲ್ಲೂಕಿನಲ್ಲಿ. ಅಮ್ಮನ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಪಾವಗಡದ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು. ಪಾವಗಡ ಗೊತ್ತಲ್ಲ, ಮೂರು ಕಡೆ ಆಂಧ್ರ, ಒಂದು ಕಡೆ ನಾವು. ಕಡಲೆಕಾಯಿ, ಬರ, ಶನಿಮಹಾತ್ಮನ ಗುಡಿ, ಈಗ ತಿರುಮಣಿ ಕಡೆ ಕಣ್ಣು ಹಾಯಿಸಿದಷ್ಟೂ ಸೋಲಾರ್ ಹಲಗೆಗಳು.

ದೊಡ್ಡಮ್ಮನ ಸೊಂಟದಲ್ಲಿ ಎಲೆಅಡಿಕೆ ಚೀಲ ಇಲ್ಲದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಎಲೆ, ಅಡಿಕೆ, ಸುಣ್ಣ, ಮೇಲೊಂದು ಚಿಟಿಕೆ ಕಡ್ಡಿಪುಡಿ. ಕಳೆ ಕೀಳುವಾಗ, ಕಡಲೆಕಾಯಿ ಬಿಡಿಸುವಾಗ, ರಾತ್ರಿ ಉಂಡಾದ ಮೇಲೆ, ಯಾವಾಗಲೂ ಎಡಗೆನ್ನೆ ಒಳಗೆ ಒಂದು ಉಂಡೆ. ನಲವತ್ತು ವರ್ಷದ ಅಭ್ಯಾಸ. ಹೋದ ವರ್ಷ ಅದೇ ಎಡಗೆನ್ನೆ ಒಳಗೆ ಹುಣ್ಣಾಯ್ತು. "ಹಲ್ಲು ತಗುಲಿ ಆಗಿರೋದು ಬಿಡು" ಅಂತ ತುಪ್ಪ ಹಚ್ಚಿಕೊಂಡು ಸುಮ್ಮನಿದ್ದಳು. ಖಾರ ತಿನ್ನೋಕಾಗಲ್ಲ, ಮುದ್ದೆ ನುಂಗೋಕಾಗಲ್ಲ ಅನ್ನೋ ಹೊತ್ತಿಗೆ ಐದಾರು ತಿಂಗಳು ಕಳೆದಿತ್ತು. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಅಂತ ರಿಪೋರ್ಟ್ ಬಂತು. ಬಾಯಿ ಕ್ಯಾನ್ಸರ್.

ಮನೆಯಲ್ಲಿ ಇಂಗ್ಲಿಷ್ ಓದುವವನು ನಾನು, ಹಾಗಾಗಿ ರಿಪೋರ್ಟ್ ನನ್ನ ಕೈಗೆ ಬಂತು. ಅದರಲ್ಲಿ ಇನ್ನೊಂದು ಸಾಲಿತ್ತು. ಗಡ್ಡೆಯ ಸುತ್ತ ಉರಿಯೂತದ ಕಣಗಳು ದಟ್ಟವಾಗಿ ಸೇರಿಕೊಂಡಿವೆ ಅಂತ. ಹಾಗಂದರೇನು ಅಂತ ಅಣ್ಣ (ದೊಡ್ಡಮ್ಮನ ಮಗ) ಕೇಳಿದ. ಬಿಳಿ ರಕ್ತಕಣ ಅಂದೆ. ಅಲ್ಲೇ ಗೋಡೆಗೊರಗಿ ಕೂತಿದ್ದ ದೊಡ್ಡಮ್ಮ, ಸರಿಯಾಗಿ ಬಾಯಿ ತೆರೆಯೋಕೆ ಆಗದೇ ಇದ್ದರೂ, ಕೇಳಿಯೇಬಿಟ್ಟಳು. "ಬಿಳಿ ಕಣ ಅಂದ್ರೆ ಮೈ ಕಾಯೋ ಸೈನಿಕರು ಅಂತ ನೀನೇ ಉರು ಹೊಡೀತಿದ್ದೆ ಕಣೋ ಚಿಕ್ಕೋನಿದ್ದಾಗ. ಅಷ್ಟೊಂದು ಸೈನಿಕರು ಅಲ್ಲೇ ಕುಂತಿದ್ರೆ ಇದು ಹೆಂಗ್ ಬೆಳೀತು? ಏನ್ ಕಾಯ್ತಾವೆ ಅವು?"

ಉತ್ತರ ಗೊತ್ತಿರಲಿಲ್ಲ. ಹುಡುಕಿದೆ.

ಸೈನಿಕರ ಕಥೆ ಶುರುವಾಗಿದ್ದು 1882ರಲ್ಲಿ. ಎಲೀ ಮೆಚ್ನಿಕಾಫ್ ಅನ್ನೋ ರಷ್ಯಾದ ವಿಜ್ಞಾನಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಗೆ ಗುಲಾಬಿ ಮುಳ್ಳು ಚುಚ್ಚಿ ನೋಡಿದ. ಬೆಳಗಾಗುವಷ್ಟರಲ್ಲಿ ಓಡಾಡುವ ಕೋಶಗಳು ಆ ಮುಳ್ಳನ್ನು ಸುತ್ತುವರಿದಿದ್ದವು. ಒಳಗೆ ಬಂದದ್ದನ್ನು ಕೋಶಗಳು ತಿನ್ನುತ್ತವೆ ಅನ್ನೋ ವಿಚಾರ ಅಲ್ಲಿಂದ ಹುಟ್ಟಿತು. ಇದಕ್ಕೇ 1908ರಲ್ಲಿ ಪಾಲ್ ಎರ್ಲಿಕ್ ಜೊತೆ ಅವನಿಗೆ ನೊಬೆಲ್ ಬಂತು. ಮ್ಯಾಕ್ರೋಫೇಜ್ ಅನ್ನೋದು ಗ್ರೀಕ್ ಮೂಲದ ಹೆಸರು, ದೊಡ್ಡ ಹೊಟ್ಟೆಬಾಕ ಅಂತ ಇಟ್ಟುಕೊಳ್ಳಿ. ಹೈಸ್ಕೂಲಿನಲ್ಲಿ ನಾವು ಓದಿದ್ದು ಇಲ್ಲಿಗೆ ಮುಗಿಯುತ್ತೆ.

ಆದರೆ ಈ ಹೊಟ್ಟೆಬಾಕನಿಗೆ ಇರೋದು ಒಂದೇ ಕೆಲಸ ಅಲ್ಲ. ಗಾಯ ಆದಾಗ ಮೊದಲು ಕ್ರಿಮಿಗಳನ್ನು ತಿನ್ನುತ್ತೆ, ಆಮೇಲೆ ಸತ್ತ ಕೋಶಗಳ ಕಸ ಬಳಿಯುತ್ತೆ. ಅದಾದ ಮೇಲೆ ಕೆಲಸವೇ ಬದಲಾಗುತ್ತೆ. ಹೊಸ ರಕ್ತನಾಳ ಚಿಗುರಲಿ ಅಂತ ಸಂದೇಶ ಕಳಿಸುತ್ತೆ, ಹಳೇ ಅಂಗಾಂಶವನ್ನು ಸಡಿಲ ಮಾಡಿ ಹೊಸ ಕೋಶಗಳಿಗೆ ಜಾಗ ಮಾಡಿಕೊಡುತ್ತೆ, ಜೊತೆಗೆ "ಜಗಳ ಮುಗೀತು, ಇನ್ನು ಸುಮ್ಮನಿರಿ" ಅಂತ ಮಿಕ್ಕ ರಕ್ಷಣಾ ಕೋಶಗಳಿಗೂ ಹೇಳುತ್ತೆ. ಹಾಗೆ ಹೇಳದಿದ್ದರೆ ಗಾಯ ಮಾಯೋದೇ ಇಲ್ಲ. ಮೊಣಕಾಲು ತರಚಿಕೊಂಡಾಗ ವಾರದಲ್ಲಿ ಹೊಸ ಚರ್ಮ ಬರೋದರಲ್ಲಿ ಇವುಗಳ ಪಾಲು ದೊಡ್ಡದು.

ನಮ್ಮ ಕಡೆಯ ಕೆರೆಗಳಲ್ಲಿ ನೀರುಗಂಟಿ ಅಂತ ಇರ್ತಿದ್ದರಲ್ಲ, ನೆನಪಿದೆಯಾ? ಕೆರೆ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಅಂತ ಬಿಡೋನು. ಎಲ್ಲಿ ಪೈರು ಒಣಗ್ತಿದೆ ಅಂತ ಕೂಗು ಬರುತ್ತೋ ಆ ಕಡೆ ಕಾಲುವೆ ತಿರುಗಿಸೋದು ಅವನ ಕೆಲಸ. ಮ್ಯಾಕ್ರೋಫೇಜ್ ಸೈನಿಕ ಹೌದು, ಆದರೆ ನೀರುಗಂಟಿಯೂ ಹೌದು.

ಈಗ ಗಡ್ಡೆಯ ವಿಷಯ. ಜರ್ಮನಿಯ ರುಡಾಲ್ಫ್ ವಿರ್ಕೋ 1863ರಲ್ಲೇ ಗಡ್ಡೆಗಳೊಳಗೆ ಬಿಳಿ ರಕ್ತಕಣ ಇರೋದನ್ನು ಗಮನಿಸಿ, ಕ್ಯಾನ್ಸರಿಗೂ ಉರಿಯೂತಕ್ಕೂ ನಂಟಿದೆ ಅಂದಿದ್ದ. 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಅನ್ನೋ ಅಮೆರಿಕದ ವೈದ್ಯ, ಗಡ್ಡೆ ಅಂದರೆ ಮಾಯದ ಗಾಯ ಅಂತ ಒಂದು ಲೇಖನ ಬರೆದ. ಇದನ್ನು ಓದಿದಾಗ ನನಗೆ ದೊಡ್ಡಮ್ಮನ ಪ್ರಶ್ನೆಗೆ ದಾರಿ ಸಿಕ್ಕಿತು. ಬೇಗ ಬೇಗ ಬೆಳೆಯೋ ಗಡ್ಡೆಗೆ ರಕ್ತ ಸಾಕಾಗಲ್ಲ, ಆಮ್ಲಜನಕ ಸಾಕಾಗಲ್ಲ, ಒಳಗೆ ಕೋಶಗಳು ಸಾಯ್ತಾ ಇರ್ತವೆ. ಅಲ್ಲಿಂದ ಹೊರಡೋ ಸಂಕೇತಗಳೆಲ್ಲ ಗಾಯದ ಸಂಕೇತಗಳ ಹಾಗೇ ಇರ್ತವೆ. ಸಿಎಸ್‌ಎಫ್-1, ಸಿಸಿಎಲ್-2 ಅನ್ನೋ ರಾಸಾಯನಿಕ ಕೂಗು ಕೇಳಿ, ಮೂಳೆಮಜ್ಜೆಯಲ್ಲಿ ಹುಟ್ಟಿ ರಕ್ತದಲ್ಲಿ ಓಡಾಡೋ ಮೊನೊಸೈಟ್ ಕಣಗಳು ಗಡ್ಡೆಯೊಳಗೆ ಇಳಿದು ಮ್ಯಾಕ್ರೋಫೇಜ್ ಆಗ್ತವೆ. ಬಂದ ಮೇಲೆ ತಮಗೆ ಗೊತ್ತಿರೋ ರಿಪೇರಿ ಕೆಲಸ ಶುರು ಮಾಡ್ತವೆ. ವಿಇಜಿಎಫ್ ಬಿಟ್ಟು ರಕ್ತನಾಳ ಚಿಗುರಿಸ್ತವೆ, ಅದರಿಂದ ಗಡ್ಡೆಗೆ ಊಟ. ಕಿಣ್ವ ಬಿಟ್ಟು ಅಂಗಾಂಶ ಸಡಿಲಿಸ್ತವೆ, ಅದರಿಂದ ಕ್ಯಾನ್ಸರ್ ಕೋಶ ಹೊರಗೆ ನುಸುಳೋಕೆ ದಾರಿ. ಐಎಲ್-10, ಟಿಜಿಎಫ್-ಬೀಟಾ ಬಿಟ್ಟು ಟಿ ಕೋಶಗಳನ್ನು ಸುಮ್ಮನಾಗಿಸ್ತವೆ. ಕ್ಯಾನ್ಸರ್ ಕೋಶವನ್ನು ಗುರುತು ಹಿಡಿದು ಕೊಲ್ಲಬೇಕಾದವು ಆ ಟಿ ಕೋಶಗಳೇ. ಕೆಲವು ಬಗೆಯ ಗಡ್ಡೆಗಳಲ್ಲಂತೂ ಅರ್ಧದಷ್ಟು ಭಾಗ ಈ ಮ್ಯಾಕ್ರೋಫೇಜ್‌ಗಳೇ ಇರಬಹುದಂತೆ.

ನೀರುಗಂಟಿ ಕಳ್ಳನೇನೂ ಆಗಿಲ್ಲ. ಒಣಗ್ತಿದೆ ಅಂತ ಕೂಗು ಬಂದ ಕಡೆ ನೀರು ಬಿಟ್ಟಿದ್ದಾನೆ. ಕೂಗಿದ್ದು ಒತ್ತುವರಿ ಮಾಡಿದವನು ಅಂತ ಅವನಿಗೆ ಗೊತ್ತಾಗೋ ದಾರಿ ಇಲ್ಲ.

ಇದು ಬರೀ ಊಹೆ ಅಲ್ಲ ಅಂತ ತೋರಿಸಿದ ಪ್ರಯೋಗ 2001ರದ್ದು. ನ್ಯೂಯಾರ್ಕಿನಲ್ಲಿ ಜೆಫ್ರಿ ಪೊಲಾರ್ಡ್ ಮತ್ತು ಜೊತೆಗಾರರು, ಸ್ತನ ಕ್ಯಾನ್ಸರ್ ತಪ್ಪದೇ ಬರುವ ಇಲಿಗಳಲ್ಲಿ ಸಿಎಸ್‌ಎಫ್-1 ಇಲ್ಲದ ತಳಿಯನ್ನು ಮಾಡಿದರು. ಮ್ಯಾಕ್ರೋಫೇಜ್‌ಗಳಿಗೆ ಕರೆ ಹೋಗೋದು ನಿಂತಿತು. ಗಡ್ಡೆ ಬರೋದೇನೂ ತಪ್ಪಲಿಲ್ಲ. ಆದರೆ ಅದು ಉಗ್ರ ರೂಪಕ್ಕೆ ತಿರುಗೋದು ನಿಧಾನವಾಯ್ತು, ಶ್ವಾಸಕೋಶಕ್ಕೆ ಹರಡೋದು ತುಂಬಾ ಕಡಿಮೆಯಾಯ್ತು. ಹುಟ್ಟಿಸೋದು ಬೇರೆ, ಬೆಳೆಸಿ ಊರೂರಿಗೆ ಕಳಿಸೋದು ಬೇರೆ ಅಂತ ನನಗೆ ಅರ್ಥವಾಗಿದ್ದು ಇಲ್ಲಿ.

ಇನ್ನು ದೊಡ್ಡಮ್ಮನ ಕೆನ್ನೆ. ಹಲ್ಲಿನ ವಸಡು ಮತ್ತು ಕೆನ್ನೆಯ ಸಂದಿಯಲ್ಲಿ ಬರೋ ಈ ಕ್ಯಾನ್ಸರ್ ನಮ್ಮ ದೇಶದಲ್ಲಿ ಎಷ್ಟು ಹೆಚ್ಚು ಅಂದರೆ, ಇದಕ್ಕೆ ವೈದ್ಯರು ಇಟ್ಟಿರೋ ಇನ್ನೊಂದು ಹೆಸರೇ ಭಾರತೀಯ ಬಾಯಿ ಕ್ಯಾನ್ಸರ್. ಕಾರಣ ಎಲ್ಲರಿಗೂ ಗೊತ್ತು, ಉಂಡೆ ಇಟ್ಟುಕೊಳ್ಳೋ ಜಾಗ ಅದು. ಸುಣ್ಣ ಸುಡುತ್ತೆ, ಅಡಿಕೆ ಚೂರು ಉಜ್ಜುತ್ತೆ, ಹೊಗೆಸೊಪ್ಪಿನ ವಿಷ ಕೋಶದ ಡಿಎನ್‌ಎಗೆ ತಾಗುತ್ತೆ. ದಿನಕ್ಕೆ ಎಂಟು ಹತ್ತು ಸಲ ಗಾಯ, ಎಂಟು ಹತ್ತು ಸಲ ರಿಪೇರಿ, ನಲವತ್ತು ವರ್ಷ. ರಿಪೇರಿಯವರು ಮನೆಗೆ ಹೋಗೋಕೆ ಪುರುಸೊತ್ತೇ ಇಲ್ಲ. ಅಡಿಕೆಯಲ್ಲಿರೋ ಅರೆಕೊಲಿನ್ ಅನ್ನೋ ಅಂಶ ಒಳಚರ್ಮದ ಕೆಳಗೆ ನಾರು ಬೆಳೆಯೋ ಹಾಗೆ ಮಾಡುತ್ತೆ. ಬಾಯಿ ಬಿಗಿಯುತ್ತಾ ಬಂದು ಪೂರ್ತಿ ತೆರೆಯೋಕೆ ಆಗದ ಸ್ಥಿತಿಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಆ ನಾರು ಬೆಳೆಸೋದರಲ್ಲಿ ಮೇಲೆ ಹೇಳಿದ ಟಿಜಿಎಫ್-ಬೀಟಾದ ಕೈವಾಡ ಇದೆ. ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಅಂದರೆ ಗಡ್ಡೆ ಹುಟ್ಟೋದಕ್ಕೆ ಮೊದಲೇ ಆ ಹೊಲ ಹದವಾಗಿರುತ್ತೆ.

ಹಾಗಾದರೆ ಈ ಮ್ಯಾಕ್ರೋಫೇಜ್‌ಗಳನ್ನೆಲ್ಲ ಕೊಂದುಬಿಟ್ಟರೆ ಆಯ್ತಲ್ಲ? ನಾನೂ ಹಾಗೇ ಅಂದುಕೊಂಡು ಮುಂದೆ ಓದಿದೆ. ಅಷ್ಟು ಸುಲಭ ಇಲ್ಲ. ಮೊದಲು ಇವುಗಳನ್ನು ಎರಡು ಪಕ್ಷ ಮಾಡಿದ್ದರು, ಎಂ-1 ಅಂದರೆ ಹೊಡೆದಾಡೋವು, ಎಂ-2 ಅಂದರೆ ರಿಪೇರಿ ಮಾಡೋವು. ಈಗ ಒಂದೊಂದೇ ಕೋಶವನ್ನು ಬಿಡಿಸಿ ನೋಡೋ ತಂತ್ರಜ್ಞಾನ ಬಂದ ಮೇಲೆ, ಎರಡರ ನಡುವೆ ಎಷ್ಟೋ ಬಗೆ ಇವೆ, ಒಂದೇ ಗಡ್ಡೆಯ ಬೇರೆ ಬೇರೆ ಮೂಲೆಯಲ್ಲಿ ಬೇರೆ ಬೇರೆ ಥರ ಇವೆ ಅಂತ ಗೊತ್ತಾಗಿದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕೋಡ್ ಒಂದೇ, ಇನ್‌ಪುಟ್ ಬೇರೆ. ಬಾಯಿ ಕ್ಯಾನ್ಸರಿನಲ್ಲಿ ಸಿಡಿ-163 ಅನ್ನೋ ಗುರುತಿರೋ ರಿಪೇರಿ ಬಗೆಯ ಮ್ಯಾಕ್ರೋಫೇಜ್ ಹೆಚ್ಚಿದ್ದಷ್ಟೂ ರೋಗಿಗೆ ಕಷ್ಟ ಅಂತ ಹಲವು ಅಧ್ಯಯನ ಹೇಳ್ತವೆ. ದೊಡ್ಡ ಕರುಳಿನ ಕ್ಯಾನ್ಸರಿನ ಕೆಲವು ಅಧ್ಯಯನಗಳಲ್ಲಿ ಮ್ಯಾಕ್ರೋಫೇಜ್ ಹೆಚ್ಚಿದ್ದವರೇ ಚೆನ್ನಾಗಿದ್ದರು. ಎಲ್ಲವನ್ನೂ ಕೊಂದರೆ ಒಳ್ಳೇವೂ ಹೋಗ್ತವೆ.

ಔಷಧಿ ಹುಡುಕೋವರು ಹಿಡಿದಿರೋ ದಾರಿಗಳು ನನಗೆ ಅರ್ಥವಾದಂತೆ ಹೀಗಿವೆ.

ಒಂದು, ಕರೆಯನ್ನೇ ತಡೆಯೋದು. ಕೀಲುಗಳಲ್ಲಿ ಬರುವ ಟೆನೋಸೈನೋವಿಯಲ್ ಜಯಂಟ್ ಸೆಲ್ ಟ್ಯೂಮರ್ ಅನ್ನೋ ಅಪರೂಪದ ಗಡ್ಡೆಯಲ್ಲಿ ಗಡ್ಡೆಯ ನಿಜವಾದ ಕೋಶ ಇರೋದು ಸ್ವಲ್ಪವೇ. ಅವು ಸಿಎಸ್‌ಎಫ್-1 ಸುರಿಸಿ ಕರೆಸಿಕೊಂಡ ಮ್ಯಾಕ್ರೋಫೇಜ್ ಜಾತಿಯವೇ ಜಾಸ್ತಿ. ಆ ಕರೆ ತಡೆಯೋ ಪೆಕ್ಸಿಡಾರ್ಟಿನಿಬ್ ಮಾತ್ರೆಗೆ 2019ರಲ್ಲಿ, ವಿಮ್ಸೆಲ್ಟಿನಿಬ್‌ಗೆ 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲನೆಯದಕ್ಕೆ ಲಿವರ್ ಕೆಡಿಸೋ ಅಪಾಯ ಇದೆ. ಮಿಕ್ಕ ದೊಡ್ಡ ಕ್ಯಾನ್ಸರುಗಳಲ್ಲಿ ಈ ಬಗೆಯ ಮದ್ದು ಒಂದೇ ಕೊಟ್ಟಾಗ ಹೇಳಿಕೊಳ್ಳುವಂಥ ಲಾಭ ಆಗಿಲ್ಲ.

ಎರಡು, ಮತ್ತೆ ತಿನ್ನಿಸೋದು. ಕ್ಯಾನ್ಸರ್ ಕೋಶಗಳು ಸಿಡಿ-47 ಅನ್ನೋ ಬಿಲ್ಲೆಯನ್ನು ಮೈಮೇಲೆ ಹಚ್ಚಿಕೊಂಡಿರ್ತವೆ, "ನನ್ನ ತಿನ್ನಬೇಡ" ಅಂತ ಅದರರ್ಥ. ಅದನ್ನು ಮುಚ್ಚೋ ಮ್ಯಾಗ್ರೋಲಿಮ್ಯಾಬ್ ಅನ್ನೋ ಮದ್ದಿಗಾಗಿ ಗಿಲಿಯಡ್ ಕಂಪನಿ 2020ರಲ್ಲಿ ಇನ್ನೊಂದು ಕಂಪನಿಯನ್ನೇ 490 ಕೋಟಿ ಡಾಲರ್ ಕೊಟ್ಟು ಕೊಂಡಿತು. ದೊಡ್ಡ ಪ್ರಯೋಗಗಳಲ್ಲಿ ಪ್ರಯೋಜನ ಕಾಣದೆ 2024ರಲ್ಲಿ ರಕ್ತ ಕ್ಯಾನ್ಸರಿನ ಪ್ರಯೋಗಗಳನ್ನು ನಿಲ್ಲಿಸಬೇಕಾಯ್ತು. ನಮ್ಮ ಕೆಂಪು ರಕ್ತಕಣಗಳ ಮೇಲೂ ಅದೇ ಬಿಲ್ಲೆ ಇರೋದರಿಂದ ರಕ್ತಹೀನತೆಯ ತೊಂದರೆ ಬೇರೆ.

ಮೂರು, ಎಬ್ಬಿಸೋದು ಅಥವಾ ಹೊಸ ತರಬೇತಿ ಕೊಡೋದು. ನಮ್ಮೆಲ್ಲರ ತೋಳಿನ ಮೇಲೆ ಕಲೆ ಬಿಟ್ಟಿರೋ ಬಿಸಿಜಿ ಲಸಿಕೆಯನ್ನು 1976ರಿಂದ ಮೂತ್ರಕೋಶದ ಕ್ಯಾನ್ಸರಿಗೆ ಬಳಸ್ತಾ ಬಂದಿದ್ದಾರೆ. ಮೂತ್ರಕೋಶದೊಳಗೆ ಬಿಟ್ಟರೆ ಮ್ಯಾಕ್ರೋಫೇಜ್ ಸೇರಿ ಅಲ್ಲಿನ ರಕ್ಷಣಾ ಕೋಶಗಳೆಲ್ಲ ರೊಚ್ಚಿಗೇಳ್ತವೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಮ್ಯಾಕ್ರೋಫೇಜ್‌ಗೇ ಕ್ಯಾನ್ಸರ್ ಗುರುತಿಸೋ ಹೊಸ ಕೈ ಜೋಡಿಸಿ 2020ರಲ್ಲಿ ಪ್ರಕಟಿಸಿದರು. ಮನುಷ್ಯರ ಮೇಲಿನ ಪ್ರಯೋಗ 2021ರಲ್ಲಿ ಶುರುವಾಯ್ತು.

ನಮ್ಮ ದೇಶದ್ದೇ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು, ವಾಸಿಯಾಗುವ ಹಂತ ದಾಟಿದ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ರೋಗಿಗಳಿಗೆ ಮೂರು ಅಗ್ಗದ ಮಾತ್ರೆಗಳ ಜೊತೆ ನಿವೊಲುಮ್ಯಾಬ್ ಅನ್ನೋ ದುಬಾರಿ ಮದ್ದನ್ನು ಬರೀ 20 ಮಿಲಿಗ್ರಾಂ, ಅಂದರೆ ಮಾಮೂಲು ಡೋಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಮೂರು ವಾರಕ್ಕೊಮ್ಮೆ ಕೊಟ್ಟರು. ಬರೀ ಮಾತ್ರೆ ತಗೊಂಡವರಲ್ಲಿ ಒಂದು ವರ್ಷ ಬದುಕಿದ್ದವರು ಶೇ. 16.3, ಈ ಸಣ್ಣ ಡೋಸ್ ಸೇರಿಸಿದವರಲ್ಲಿ ಶೇ. 43.4. ಇದು 2023ರಲ್ಲಿ ಪ್ರಕಟವಾಯ್ತು. ನಿವೊಲುಮ್ಯಾಬ್ ಕೆಲಸ ಮಾಡೋದು ಟಿ ಕೋಶದ ಬ್ರೇಕ್ ಬಿಡಿಸೋದರಲ್ಲಿ. ಆ ಬ್ರೇಕ್ ಒತ್ತೋ ಕಾಲುಗಳಲ್ಲಿ ಮ್ಯಾಕ್ರೋಫೇಜ್‌ನದೂ ಒಂದು. ಮಾತ್ರೆಗಳಲ್ಲಿ ಒಂದಾದ ಸೆಲೆಕಾಕ್ಸಿಬ್ ಅಂತೂ ಮೊಣಕಾಲು ನೋವಿಗೆ ಕೊಡೋ ಉರಿಯೂತದ ಮಾತ್ರೆಯೇ. ಮ್ಯಾಕ್ರೋಫೇಜ್‌ಗಳನ್ನು ರಿಪೇರಿ ಕಡೆ ತಳ್ಳೋ ಪ್ರೊಸ್ಟಾಗ್ಲಾಂಡಿನ್ ಅನ್ನು ಅದು ತಗ್ಗಿಸುತ್ತೆ. ಪ್ರಯೋಗ ಮಾಡಿದ್ದು ಮ್ಯಾಕ್ರೋಫೇಜ್‌ಗೋಸ್ಕರ ಅಲ್ಲ, ಆದರೆ ಬಡವರ ಕೈಗೆಟುಕೋ ಬೆಲೆಯಲ್ಲಿ ಗಡ್ಡೆಯ ಸುತ್ತಲಿನ ವಾತಾವರಣವನ್ನೇ ಬದಲಾಯಿಸಬಹುದು ಅನ್ನೋ ಆಸೆ ಹುಟ್ಟಿಸುತ್ತೆ.

ದೊಡ್ಡಮ್ಮನಿಗೆ ಇದ್ಯಾವುದೂ ಬೇಕಾಗಲಿಲ್ಲ, ಸದ್ಯ. ಅವಳದು ಆಪರೇಷನ್ ಮಾಡಬಹುದಾದ ಹಂತದಲ್ಲೇ ಸಿಕ್ಕಿತು. ಕೆಳದವಡೆಯ ಒಂದು ಭಾಗ, ಕತ್ತಿನ ಗಂಟುಗಳನ್ನು ತೆಗೆದು, ಎದೆಯ ಮಾಂಸ ತಂದು ಕೆನ್ನೆಗೆ ಕೂರಿಸಿದರು. ಆಮೇಲೆ ಆರು ವಾರ, ಮೂವತ್ತು ಸಲ ರೇಡಿಯೇಷನ್. ಅಷ್ಟೂ ದಿನ ನನ್ನ ಬಾಡಿಗೆ ಮನೆಯಲ್ಲೇ ಇದ್ದಳು. ಅಕ್ಕ ಕೊರಟಗೆರೆಯಿಂದ ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು ರಾಗಿ ಗಂಜಿ ಕಾಯಿಸಿ ಕೊಡ್ತಿದ್ದಳು. ಆಸ್ಪತ್ರೆಯ ಸಾಲಿನಲ್ಲಿ ಕೂತಾಗ ಪಕ್ಕದಲ್ಲಿರೋರ ಊರು ಕೇಳ್ತಿದ್ದೆ. ಶಿರಾ ಅನ್ನೋರು, ಮಧುಗಿರಿ ಅನ್ನೋರು ಸಿಗ್ತಿದ್ದರು. ಕಿದ್ವಾಯಿ ಶುರುವಾಗಿದ್ದು 1973ರಲ್ಲಿ. ನಮ್ಮ ಕಡೆಯವರಿಗೆ ಕ್ಯಾನ್ಸರ್ ಅಂದರೆ ಇವತ್ತಿಗೂ ಬೆಂಗಳೂರು ಬಸ್ಸೇ ಗತಿ. ಪಾವಗಡದಿಂದ ನೂರೈವತ್ತು ಕಿಲೋಮೀಟರ್ ಮೇಲಾಗುತ್ತೆ. ಬಾಯಲ್ಲಿ ಹುಣ್ಣಿಟ್ಟುಕೊಂಡು ಅಷ್ಟು ದೂರ ಅಲುಗಾಡಿಕೊಂಡು ಬರೋದು ಹೇಗಿರುತ್ತೆ ಅಂತ ಯೋಚಿಸಿ.

ರೇಡಿಯೇಷನ್ ಮುಗಿದು ಒಂದು ಸಂಜೆ ಅವಳ ಪ್ರಶ್ನೆಗೆ ಉತ್ತರ ಹೇಳಿದೆ. ಸಿಎಸ್‌ಎಫ್, ಟಿ ಕೋಶ ಎಲ್ಲ ಬಿಟ್ಟು ನೀರುಗಂಟಿ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ತೊದಲುತ್ತಾ, "ಅಂಗಾದ್ರೆ ಅವು ಸೋಂಬೇರಿಗಳಲ್ಲ ಬಿಡು. ನಾನೇ ದಿನಾ ಗಾಯ ಮಾಡಿ ಮಾಡಿ ಕೂಲಿಗೆ ಕರೆದಿದ್ದು" ಅಂದಳು. ನಿನ್ನ ತಪ್ಪು ಅಂತ ಹೇಳೋಕಲ್ಲ ದೊಡ್ಡಮ್ಮ ಅಂದೆ. "ತಪ್ಪು ಅಂದ್ನೇನೋ ನಾನು? ಲೆಕ್ಕ ಹೇಳ್ದೆ" ಅಂದಳು. ಎಲೆಅಡಿಕೆ ಚೀಲ ಈಗಲೂ ಸೊಂಟದಲ್ಲಿದೆ, ಅದರಲ್ಲಿ ಬಸ್ ಚಾರ್ಜು, ಆಸ್ಪತ್ರೆ ಚೀಟಿ ಇಟ್ಟುಕೊಳ್ತಾಳೆ.

ಮನೆಯಲ್ಲಿ ಕಷ್ಟದ ಮಾತು ಬಂದದ್ದು ಸೋದರಮಾವನ ಜೊತೆ. "ಹೊಗೆಸೊಪ್ಪಿಂದ ಬಂದಿರೋದು, ಅಡಿಕೆ ಮೇಲೆ ಯಾಕಪ್ಪ ಹಾಕ್ತೀಯ?" ಅಂತ ಮಾವ. ಅವನಿಗೆ ಸಿಟ್ಟು ಬರೋದು ಸಹಜ. ಬೋರ್‌ವೆಲ್ ಬತ್ತಿದ ವರ್ಷ ಟ್ಯಾಂಕರಿನಲ್ಲಿ ನೀರು ಹೊಡೆಸಿ ಉಳಿಸಿಕೊಂಡ ತೋಟ ಅದು. ನನ್ನ ಇಂಜಿನಿಯರಿಂಗ್ ಫೀಸಿನ ಒಂದು ಪಾಲು ಬಂದಿದ್ದೂ ಆ ಅಡಿಕೆಯಿಂದಲೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ತೀರ್ಮಾನಿಸಿದೆ. ಇದನ್ನು ಮಾವನ ಮುಂದೆ ಹೇಳಿದೆ. ಅವನು ಎದ್ದು ತೋಟದ ಕಡೆ ಹೋದ. ತೋಟ ಕಡೀರಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ, ಬದಲಿಗೆ ಏನು ಬೆಳೀಬೇಕು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯ್ತು. ಆಮೇಲೆ ಪಾನ್ ಮಸಾಲ ಬೇರೆ ಪ್ಯಾಕೆಟ್, ತಂಬಾಕು ಬೇರೆ ಪ್ಯಾಕೆಟ್ ಕೊಂಡು ಅಂಗೈಯಲ್ಲೇ ಬೆರೆಸಿಕೊಳ್ಳೋ ಹುಡುಗರನ್ನು ನೀವೂ ನೋಡಿರ್ತೀರಿ.

ನೀರುಗಂಟಿಗೆ ಬುದ್ಧಿ ಹೇಳೋ ಔಷಧಿಗಳು ಬರ್ತಾವೆ, ಬರಲಿ. ಅಲ್ಲಿವರೆಗೆ ನಮ್ಮ ಕೈಯಲ್ಲಿರೋದು ದಿನಾ ಆಗೋ ಗಾಯವನ್ನು ನಿಲ್ಲಿಸೋದು, ಮಾಯದ ಗಾಯವನ್ನು ಬೇಗ ನೋಡೋದು. ಈ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಎಲೆಅಡಿಕೆ ಹಾಕೋ ಅಜ್ಜಿ, ದೊಡ್ಡಪ್ಪ, ಮಸಾಲ ತಿನ್ನೋ ತಮ್ಮ ಯಾರಿದ್ದರೂ ಬೆಳಕಿಗೆ ಕೂರಿಸಿ ಬಾಯಿ ತೆರೆಸಿ. ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸೋಕೆ ಹೇಳಿ. ತೂರದಿದ್ದರೆ, ಕೆನ್ನೆ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಮೂರು ವಾರ ಕಳೆದರೂ ಮಾಯದ ಹುಣ್ಣಿದ್ದರೆ, ತುಪ್ಪ ಹಚ್ಚಿ ಕಾಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾನು ಮಾವನ ಬಾಯನ್ನೂ ನೋಡಿದೆ. ಬೈಕೊಂಡೇ ತೆರೆದ. ಮೂರು ಬೆರಳು ಸಲೀಸಾಗಿ ಹೋಯ್ತು.